ರೇವಾ ಎಂಬ ಅಪ್ಪಣೆ

ಸೊಲ್ಲಾಪುರ
೧೨–೧೧–೧೯೭೮

ಪ್ರೀತಿಯ ರೇವಕ್ಕನಿಗೆ,

ನಿನ್ನ ಮರೆಪ್ಪನ ನಮಸ್ಕಾರ. ದೀಪಾವಳಿ ದಾಟಿದರೂ ಒಂದು ಕಾಗದ ಹಾಕಲಿಲ್ಲ. ಹೆಸರಿಗೆ ತಕ್ಕಂತೆ ಮರೆತ ಎಂದು ಬೈದಿರಬೇಕು, ಬೈ. ನೀನು ಅಕ್ಷರ ಕೂಡಿಸಿ ಓದುವವಳೆಂದು ದೊಡ್ಡದಾಗಿ ಬರೆಯುತ್ತಿದ್ದೇನೆ. ಬೇರೆಯವರ ಕೈಯಲ್ಲಿ ಓದಿಸಬೇಡ.

ಮುಂಬೈಯಲ್ಲಿ ನನ್ನ ಕೆಲಸ ಏನೆಂದು ಹೋದ ಸಲ ಊರಿಗೆ ಬಂದಾಗ ಅರ್ಧ ಹೇಳಿದ್ದೆ. ಕಂಪ್ಯೂಟರಿನೊಳಗೆ ಬರಹ ತಿದ್ದಲಿಕ್ಕೆ ಎಡಿಟರ್ ಎಂಬುದೊಂದಿದೆ. ಅದಕ್ಕೆ ಒಂದೊಂದು ಅಕ್ಷರವೂ ಒಂದೊಂದು ಅಪ್ಪಣೆ. ಕಲಿಯುವಾಗ ನಾನು ಒಂದು ಬಡಿಯಲು ಹೋಗಿ ಇನ್ನೊಂದು ಬಡಿದು, ಇಡೀ ಪುಟ ಮಾಯ. ಗಾಬರಿಯಲ್ಲಿ ಕಂಡಕಂಡ ಕೀಲಿ ಒತ್ತಿ ಉಳಿದದ್ದನ್ನೂ ಕೆಡಿಸುತ್ತಿದ್ದೆ. ಪಕ್ಕದವರು ನಗುತ್ತಿದ್ದರು. ಆಗ ನಿನ್ನ ಮಾತು ನೆನಪಾಯಿತು. ಕುರಿಮರಿ ತಪ್ಪಿಸಿಕೊಂಡಾಗ ನಾನು ಹಿಂದೆ ಓಡಿದರೆ ನೀನು ಅನ್ನುತ್ತಿದ್ದೆಯಲ್ಲ, "ಬೆನ್ನ ಹತ್ತಬ್ಯಾಡೋ ಖೋಡಿ, ನಿಂತ ಕರಿ. ಅದ ಬರತೈತಿ."

ಆ ಎಡಿಟರಿನಲ್ಲಿ ಹಲವು ಅಪ್ಪಣೆಗಳನ್ನು ಪೋಣಿಸಿ ನಮ್ಮದೇ ಹೊಸ ಅಪ್ಪಣೆ ಮಾಡಿಕೊಳ್ಳಬಹುದು, ಬೇಕಾದ ಹೆಸರು ಇಡಬಹುದು. ಪುಟಗಳ ನಡುವೆ ದಾರಿ ತಪ್ಪಿದವನನ್ನು ಕೆಲಸ ಬಿಟ್ಟ ಜಾಗಕ್ಕೇ ಮರಳಿ ತರುವ ಅಪ್ಪಣೆಯೊಂದನ್ನು ನಾನು ಮಾಡಿದೆ. ರೇವಾ ಎಂದು ಹೆಸರಿಟ್ಟೆ. ಅದನ್ನು ಹೇಳಿದಾಗ ನೀನು, "ಹಂಗಾರ ಮುಂಬೈದಾಗ ನಾನೂ ಅದೀನಿ ಅನ್ನು" ಎಂದು ನಕ್ಕಿದ್ದೆ.

ಅದು ಅಲ್ಲಿ ಎಲ್ಲರಿಗೂ ಹಿಡಿಸಿತು. ಒಂದು ದಿನ ನಮ್ಮ ಸಾಹೇಬರು ಎಲ್ಲರೆದುರು, ರೇವಾ ಎಂದರೆ ಯಾರು ಎಂದು ಕೇಳಿದರು. ಕರಜಗಿಯಲ್ಲಿ ಕುರಿ ಕಾಯುವ ನನ್ನ ಅಕ್ಕ ಅನ್ನಬೇಕಿತ್ತು. ಸಂಸ್ಕೃತದಲ್ಲಿ ನರ್ಮದಾ ನದಿಗೆ ರೇವಾ ಅನ್ನುತ್ತಾರೆ ಎಂದೆ. ಅವರು ಬೆನ್ನು ತಟ್ಟಿದರು. ನಾಚಿಕೆಪಟ್ಟದ್ದು ನಿನ್ನ ಬಗ್ಗೆ ಅಲ್ಲ ಎಂದು ಬರೆಯಲು ಹೊರಟಿದ್ದೆ, ಅದು ಸುಳ್ಳು. ಆಗ ನಿನ್ನ ಬಗ್ಗೆಯೇ ನಾಚಿಕೆಪಟ್ಟೆ. ಈಗ ನನ್ನ ಬಗ್ಗೆಯೇ ನಾಚಿಕೊಂಡು ಕೂತಿದ್ದೇನೆ.

ನಿನ್ನೆ ಇಲ್ಲಿಯ ಎಸ್‌ಟಿ ಬಸ್ ಸ್ಟ್ಯಾಂಡಿನಲ್ಲಿ, ಊರಿಗೆ ಬರಲೆಂದು ಅಕ್ಕಲಕೋಟೆಯ ಗಾಡಿ ಹತ್ತುವಾಗ ನಮ್ಮೂರ ಹಣಮಂತಪ್ಪ ಸಿಕ್ಕ. "ನಿಮ್ಮಕ್ಕ ಊರ ತುಂಬ ಹೇಳ್ಕೋತ ತಿರಗಾಕತ್ತಾಳ. ಮುಂಬೈ ಮಷೀನದಾಗ ಆಕಿ ಹೆಸರ ಹೊಡದ್ರ ಕಳದದ್ದ ಸಿಗತೈತಂತ. ಖರೇ ಏನೋ?" ಎಂದ. ಖರೆ ಎಂದೆ. ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ. ರಜೆ ಮುಗಿಯಿತೆಂದು ಅವನಿಗೆ ಹೇಳಿದೆ, ಮುಗಿದಿಲ್ಲ. ನಿನಗೆಂದು ತಂದ ಸೀರೆಯನ್ನು ಅವನ ಕೈಯಲ್ಲಿ ಕಳಿಸಿದ್ದೇನೆ. ಉಟ್ಟುಕೋ.

ಬೀರೋಬಾ ನಿನ್ನನ್ನೂ ಹಿಂಡನ್ನೂ ಕಾಯಲಿ. ಆಶೀರ್ವಾದ ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತೇನೆ.

ನಿನ್ನ ತಮ್ಮ,
ಮರೆಪ್ಪ

ತಾ.ಕ.: ಇಷ್ಟು ಬರೆದೂ ಮುಖ್ಯ ಮಾತನ್ನೇ ಬಿಟ್ಟೆ. ಅಂದು ಸಾಹೇಬರು, ಹಾಗಿದ್ದರೆ ನರ್ಮದಾ ಎಂದೇ ಇಡಬಹುದಿತ್ತಲ್ಲ, ಎಲ್ಲರಿಗೂ ತಿಳಿಯುತ್ತದೆ ಎಂದು ನಕ್ಕು ಹೋದರು. ಬದಲಿಸು ಎಂದು ಹೇಳಿರಲಿಲ್ಲ. ನಾನೇ ಕೂತು ಒಂದು ಸಾಲು ಬಡಿದೆ. ಎಲ್ಲೆಲ್ಲಿ ರೇವಾ ಇತ್ತೋ ಅಲ್ಲೆಲ್ಲ ನರ್ಮದಾ ಆಯಿತು. ಈಗ ಅಲ್ಲಿ ನಿನ್ನ ಹೆಸರು ಬಡಿದರೆ ಆ ಯಂತ್ರ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ತೋರಿಸುತ್ತದೆ.