ಹಸಿರು ದಾರದ ಪೆನ್‌ಡ್ರೈವ್

ಉಳಿಕೆ ತಿಂಗಳ ನಾಲ್ಕನೆಯ ದಿನ, 2219
ಹಿನ್ನೀರಿನ ದಂಡೆ, ಬಾಗಲಕೋಟೆ

ನನಗಿಂತ ಏಳು ತಲೆಮಾರು ಹಿಂದಿನ ಅಜ್ಜಿ ದ್ರಾಕ್ಷಾಯಣಿ ಹೂಗಾರ ಅವರಿಗೆ, ತಾರಾಳ ಮಗಳು ಸಂಪಿಗೆ ಮಾಡುವ ನಮಸ್ಕಾರ.

ಮೇಲಿನ ತಾರೀಖು ನೋಡಿ ನಿಮಗೆ ನಗು ಬಂದಿರಬಹುದು. ನಾವು ಹನ್ನೆರಡು ತಿಂಗಳಿಗೂ ಮೂವತ್ತು ಮೂವತ್ತು ದಿನ ಹಂಚಿಕೊಟ್ಟು, ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಗುಡ್ಡೆ ಹಾಕಿ ಅದಕ್ಕೆ ಉಳಿಕೆ ತಿಂಗಳು ಎಂದು ಹೆಸರಿಟ್ಟಿದ್ದೇವೆ. ಆ ಐದು ದಿನ ಯಾರೂ ದುಡಿಯುವುದಿಲ್ಲ. ಮನೆಯ ಯಂತ್ರಗಳನ್ನು ಒರೆಸುತ್ತಾರೆ, ಸರಿಪಡಿಸುತ್ತಾರೆ, ಬೇಕಾದವರು ಹೊಸ ನೆಲೆ ಹಾಕಿಸಿಕೊಳ್ಳುತ್ತಾರೆ. ನೆಲೆ ಎಂದರೆ ನೀವು ಆಪರೇಟಿಂಗ್ ಸಿಸ್ಟಂ ಎನ್ನುತ್ತಿದ್ದಿರಲ್ಲ, ಅದೇ. ನಾಲ್ಕನೆಯ ದಿನಕ್ಕೆ ಬೇರೆಯೇ ಒಂದು ಪದ್ಧತಿ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ನನ್ನ ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದು ನಿಮ್ಮದೇ ನೋಟ್‌ಬುಕ್ಕಿನಿಂದ. ಆದ್ದರಿಂದ ತಪ್ಪುಗಳಲ್ಲಿ ಅರ್ಧ ಪಾಲು ನಿಮ್ಮದು. ನಿಮ್ಮನ್ನು ಹೇಗೆ ಕರೆಯಬೇಕೆಂಬುದೂ ಒಂದು ಪೇಚು. ಈ ಪತ್ರ ಮುಟ್ಟಬೇಕಾದ ದಿನ ನಿಮಗೆ ನಲವತ್ತೆರಡು, ನನಗೆ ಅರವತ್ತೊಂದು. ವಯಸ್ಸಿನಲ್ಲಿ ನಾನೇ ಹಿರಿಯಳು. ಆದರೂ ಅಜ್ಜಿ ಅಜ್ಜಿಯೇ.

ನಿಮ್ಮ ಇನ್ನೂರು ಪುಟದ ನೋಟ್‌ಬುಕ್ಕು ಈಗಲೂ ನನ್ನ ಬಳಿ ಇದೆ. ಅಂಚುಗಳೆಲ್ಲ ಪುಡಿಯಾಗಿವೆ, ನೀಲಿ ಮಸಿ ಕಂದಿದೆ, ಆದರೆ ಓದಬಹುದು. ಹಳೆಯ ಓಣಿಗಳು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಕಟ್ಟಿದ ನವನಗರದಲ್ಲಿ ನೀವು ನಡೆಸುತ್ತಿದ್ದ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಕಂಪ್ಯೂಟರ್ ಹಳೆಯದು. ಅದರೊಳಗಿನ ನೆಲೆ ಇನ್ನೂ ಹಳೆಯದು. ರಿಪೇರಿಯವನು ಹೊಸದು ಕೊಳ್ಳಿ ಎಂದು ಕೈ ತೊಳೆದುಕೊಂಡಿದ್ದ. ಆಗ ಊರಿನ ಗ್ರಂಥಾಲಯದ ನದಾಫ್ ಮೇಡಂ ಮೂರು ಪೆನ್‌ಡ್ರೈವ್‌ಗಳಿಗೆ ಮೂರು ಬಣ್ಣದ ದಾರ ಕಟ್ಟಿ ತಂದುಕೊಟ್ಟರು. ಒಂದೊಂದರಲ್ಲಿ ಒಂದೊಂದು ನೆಲೆ, ಮೂರೂ ಲಿನಕ್ಸ್ ಮನೆತನದವೇ, ಮೂರೂ ಯಾರು ಬೇಕಾದರೂ ಒಳಗನ್ನು ಬಿಚ್ಚಿ ನೋಡಿ ತಿದ್ದಬಹುದಾದವು. ಅವರು ಹೇಳಿದ ಮಾತನ್ನು ನೀವು ಹಾಗೆಯೇ ಬರೆದಿಟ್ಟಿದ್ದೀರಿ: “ಮೊದಲ ನೆಂಟರಂಗ ಕರದು ಕುಂದರಿಸಿ ನೋಡ್ರಿ ದ್ರಾಕ್ಷಾಯಣಿಯವ್ರ, ಹೊಂದಿದ್ರ ಆಮ್ಯಾಲ ಮನ್ಯಾಗ ಇಟ್ಕೊಳ್ರಿ.” ಕೆಳಗೆ ನಿಮ್ಮ ತೀರ್ಪುಗಳಿವೆ. “ಕೆಂಪು ದಾರದ್ದು: ನೋಡಾಕ ಭಾಳ ಚೆಂದ. ಖರೆ ನನ್ನ ಮಷೀನ್ ಗುಡ್ಡಾ ಹತ್ತಿದಂಗ ತೇಕತೈತಿ.” “ಹಳದಿ ದಾರದ್ದು: ಜೋರ ಐತಿ. ಆದ್ರ ಪ್ರಿಂಟರ್ ಹಚ್ಚಾಕ ಕರಿ ಪರದೆ ತಗದು ಏನೇನೋ ಬರಿ ಅಂತೈತಿ. ನಾ ಏನ್ ಪರೀಕ್ಷಾಕ್ಕ ಕುಂತೇನು?” “ಹಸಿರು ದಾರದ್ದು: ಪ್ರಿಂಟರ್ ತಾನ ಗುರ್ತ ಹಿಡೀತು. ಕನ್ನಡದ ಒತ್ತಕ್ಷರ ಒಡೀಲಿಲ್ಲ. ಏನರ ತಿಳೀದಿದ್ರ ಮೇಡಂ ಕಡೇನೂ ಇದ ಐತಿ, ಕೇಳಾಕ ಬರ್ತೈತಿ.”

ಅಜ್ಜಿ, ಈ ನಾಲ್ಕು ಸಾಲಿನ ಮೇಲೆ ನನ್ನ ಬದುಕು ನಿಂತಿದೆ ಎಂದರೆ ನೀವು ನಂಬಲಿಕ್ಕಿಲ್ಲ. ನಾನು ನೆಲೆಗಾತಿ. ಹೊಸಬರಿಗೆ ನೆಲೆ ಆರಿಸಿಕೊಡುವುದು ನನ್ನ ಕೆಲಸ. ದಂಡೆಯ ಮೇಲಿನ ಮಹಿಳಾ ಮಂಡಳದ ಅಂಗಳದಲ್ಲಿ ಮೂರು ಕೈ ದಾಟಿ ಬಂದ ಹಳೆಯ ಯಂತ್ರಗಳನ್ನು ಸಾಲಾಗಿ ಜೋಡಿಸಿ ಕೂರುತ್ತೇನೆ. ಬೆಳಕುಹೆಂಚು ಎಂದು ಕರೆಯುವ, ಬಿಸಿಲನ್ನು ಕುಡಿದಿಟ್ಟುಕೊಳ್ಳುವ ಚಾವಣಿಯ ಕೆಳಗೆ ಯಂತ್ರಗಳು ಹಗಲಿಡೀ ಓಡುತ್ತವೆ. ಜೋಳದ ರೊಟ್ಟಿ ಕಟ್ಟಿಕೊಂಡು ದೋಣಿಯಲ್ಲಿ ಬರುತ್ತಾರೆ ಹೆಂಗಸರು, ಮುದುಕರು. ಬಂದವರೆಲ್ಲ ಕೇಳುವುದು ಒಂದೇ, ಯಾವುದು ಎಲ್ಲಕ್ಕಿಂತ ಒಳ್ಳೆಯದು ಎಂದು. ಅಂಥದ್ದು ಇಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಹೋಗಿದೆ. ನಿಮ್ಮ ಯಂತ್ರಕ್ಕೆ ಏದುಸಿರು ಬರಬಾರದು, ದಿನದ ಕೆಲಸ ತಲೆ ಕೆಡಿಸದೆ ಆಗಬೇಕು, ನಮ್ಮ ಅಕ್ಷರ ಒಡೆಯಬಾರದು, ಕೇಳಲಿಕ್ಕೆ ಪಕ್ಕದಲ್ಲಿ ಒಬ್ಬರಿರಬೇಕು. ಇಷ್ಟೇ ನಾನು ಹೇಳುವುದು, ಇದಿಷ್ಟೂ ನಿಮ್ಮದು. ಯಂತ್ರದೊಳಗೆ ಇಟ್ಟುಕೊಳ್ಳುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಕೂರಿಸಿ ನೋಡುವುದಕ್ಕೆ ನಾವು ಇಂದಿಗೂ ನೆಂಟ ನೆಲೆ ಎನ್ನುತ್ತೇವೆ. ಹೆಸರು ಎಲ್ಲಿಂದ ಬಂತೆಂದು ಇಲ್ಲಿ ಯಾರಿಗೂ ಗೊತ್ತಿಲ್ಲ, ನನ್ನೊಬ್ಬಳನ್ನು ಬಿಟ್ಟು.

ಬಿಚ್ಚಿ ನೋಡಬಹುದಾದ ನೆಲೆಯ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ನನ್ನ ಬಾಲ್ಯದಲ್ಲಿ ಮನೆಮನೆಗೂ ಮುಚ್ಚಿದ ನೆಲೆಯ ಪೆಟ್ಟಿಗೆ ಬಂದಿತ್ತು. ಮದುವೆಯ ಚಿತ್ರ, ಕಾಗದಪತ್ರ, ಹಿರಿಯರ ಧ್ವನಿ ಎಲ್ಲವನ್ನೂ ಅದರಲ್ಲಿ ಹಾಕಿದೆವು. ಅದನ್ನು ನಡೆಸುತ್ತಿದ್ದವರು ಒಂದು ವರ್ಷ ಬಾಗಿಲು ಹಾಕಿಕೊಂಡು ಹೋದರು, ಬೀಗದ ಕೈಯೂ ಅವರ ಜೊತೆ ಹೋಯಿತು. ಈಗ ಅವುಗಳನ್ನು ಮೂಕಪೆಟ್ಟಿಗೆ ಎನ್ನುತ್ತಾರೆ. ಎಸೆಯಲು ಮನಸ್ಸು ಬಾರದೆ ಎಷ್ಟೋ ಮನೆಗಳಲ್ಲಿ ದೇವರ ಜಗಲಿಯ ಪಕ್ಕದಲ್ಲಿ ಇಟ್ಟುಕೊಂಡಿದ್ದಾರೆ. ನನ್ನ ಅವ್ವ ತಾರಾಳ ಧ್ವನಿ ಅಂಥದ್ದೊಂದರೊಳಗಿದೆ, ನನ್ನ ಕೈಗೆ ಎಟುಕುವಷ್ಟು ಹತ್ತಿರದಲ್ಲಿ. ನಲವತ್ತು ವರ್ಷವಾಯಿತು, ನಾನು ಅದನ್ನು ಕೇಳಿಲ್ಲ. ನೀವು ಹತ್ತೊಂಬತ್ತು ವರ್ಷ ಹಸಿರು ದಾರದ ನೆಲೆಯ ಮೇಲೆ ಟೈಪು ಮಾಡಿದ ಅರ್ಜಿಗಳು, ಲಗ್ನಪತ್ರಿಕೆಗಳು, ನಿಮ್ಮ ಮಗಳ ಶಾಲೆಯ ಭಾಷಣ, ಉಪ್ಪಿನಕಾಯಿ ಹಾಕುವ ವಿಧಾನ ಮಾತ್ರ ಕೈಯಿಂದ ಕೈಗೆ ನಕಲಾಗುತ್ತಾ ಬಂದವು. ನಾನು ಮುಟ್ಟಿದಾಗ ತಟ್ಟನೆ ತೆರೆದುಕೊಂಡವು. ಇನ್ನೂರು ವರ್ಷದ ಹಿಂದಿನ ನಿಮ್ಮ ಉಪ್ಪಿನಕಾಯಿ ನನಗೆ ಸಿಕ್ಕಿತು, ನನ್ನ ಹೆತ್ತವಳ ದನಿ ಸಿಗಲಿಲ್ಲ.

ಇಷ್ಟೆಲ್ಲ ಉಳಿದರೂ ನಿಮ್ಮದು ಒಂದು ಉಳಿಯಲಿಲ್ಲ. ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿ. ನೋಟ್‌ಬುಕ್ಕಿನ ನಲವತ್ತೊಂದನೆಯ ಪುಟ ನನಗೆ ಬಾಯಿಪಾಠ. “ಮಧ್ಯಾಹ್ನ ಅಂಗಡ್ಯಾಗ ಯಾರೂ ಇರ್ಲಿಲ್ಲ. ಹಸಿರು ದಾರದ್ರಾಗ ಕುಂತು ಮೂರು ತಾಸು ಬರದೆ. ಅವ್ವನ ಓಣಿ ಬಗ್ಗೆ. ಹದಿನಾಕು ಮನಿ, ಯಾರ ಮನ್ಯಾಗ ಯಾರಿದ್ರು, ಯಾರ ಕಟ್ಟಿ ಮ್ಯಾಲ ಯಾರು ಕುಂದರತಿದ್ರು, ಎಲ್ಲಾ. ಬಂದ್ ಮಾಡಿ ಮತ್ತ ಚಾಲೂ ಮಾಡಿದ್ರ ಏನೂ ಇಲ್ಲ. ಮೇಡಂಗ ಫೋನ್ ಮಾಡಿದೆ. ಅದು ಇನ್ನೂ ನೆಂಟ್ರಿ, ನೀವು ಮನ್ಯಾಗ ಇಟ್ಕೊಂಡಿರ್ಲಿಲ್ಲ, ಎದ್ದು ಹೋಗೂಮುಂದ ಎಲ್ಲಾ ತಗೊಂಡು ಹೋತು ಅಂದ್ರು. ಮೇಡಂನೂ ಅತ್ರು. ಓಣಿ ಎರಡನೇ ಸಲ ಮುಳುಗಿತು. ಮತ್ತ ಬರಿಯಾಕ ಮನಸಾಗವಲ್ದು.” ಮರುದಿನ ನೀವು ಹಸಿರು ದಾರದ ನೆಲೆಯನ್ನೇ ಯಂತ್ರದೊಳಗೆ ಪೂರ್ತಿಯಾಗಿ ಹಾಕಿಕೊಂಡಿರಿ. ಓಣಿಯ ಬಗ್ಗೆ ಮಾತ್ರ ಮುಂದೆ ಎಲ್ಲಿಯೂ ಒಂದು ಸಾಲಿಲ್ಲ. ಅದು ಎಂಥ ತಪ್ಪು ಎಂದು ಯಾರಾದರೂ ನಕ್ಕರೆ ನನಗೆ ಸಿಟ್ಟು ಬರುತ್ತದೆ. ಎಲ್ಲವೂ ಸರಿಯಾಗಿ ನಡೆಯುತ್ತಿತ್ತು, ಪ್ರಿಂಟರ್ ಓಡುತ್ತಿತ್ತು, ಅಕ್ಷರ ಚೆನ್ನಾಗಿ ಮೂಡುತ್ತಿತ್ತು. ಮನೆಯವರಂತೆ ಕೂತವರನ್ನು ನೆಂಟರೆಂದು ಯಾರು ತಿಳಿಯುತ್ತಾರೆ?

ಈ ವರ್ಷ ಹಿನ್ನೀರು ಇಳಿದಿದೆ. ನನ್ನ ಕಾಲದಲ್ಲಿ ಇದೇ ಮೊದಲು. ಹೋದ ತಿಂಗಳು ಕೆಸರು ಗಟ್ಟಿಯಾದ ಮೇಲೆ ಮುಳುಗಿದ್ದ ನಿಮ್ಮ ಅವ್ವನ ಓಣಿಯವರೆಗೆ ಕೋಲು ಊರಿಕೊಂಡು ನಡೆದು ಹೋದೆ. ಗೋಡೆ ಒಂದೂ ಇಲ್ಲ. ಕಲ್ಲಿನ ಹೊಸ್ತಿಲುಗಳಿವೆ, ಎದುರುಬದುರು ಏಳು ಮತ್ತು ಏಳು. ಎಣಿಸಿದೆ, ಹದಿನಾಲ್ಕು. ಅಲ್ಲಿಯೇ ಕೂತುಬಿಟ್ಟೆ. ಒಂದು ಹೊಸ್ತಿಲ ನಡುವೆ ಕಾಲು ತುಳಿದು ತುಳಿದು ತಗ್ಗಾಗಿದೆ, ಒಂದರ ಮೂಲೆ ಒಡೆದಿದೆ, ಒಂದರ ಮೇಲೆ ಯಾರೋ ಹೂವಿನ ಬಳ್ಳಿ ಕೆತ್ತಿಸಿದ್ದಾರೆ. ಹೂಗಾರರ ಮನೆ ಅದೇ ಇರಬೇಕು ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ನೆನಪಾಯಿತು, ಹೂಗಾರ ಎಂಬುದು ನೀವು ಮದುವೆಯಾಗಿ ಸೇರಿದ ಮನೆಯ ಹೆಸರು. ನಿಮ್ಮ ಅವ್ವನ ಮನೆಯ ಹೆಸರು ಎಲ್ಲಿಯೂ ಇಲ್ಲ. ಮಂಡಳದವರು ಪ್ರತಿ ಹೊಸ್ತಿಲಿಗೂ ಹೆಸರಿನ ಫಲಕ ಹಾಕೋಣ, ನೀನೇ ಬರೆದುಕೊಡು ಎಂದರು. ಹದಿನಾಲ್ಕು ಖಾಲಿ ಫಲಕಗಳು ನನ್ನ ಅಂಗಳದಲ್ಲಿ ಒರಗಿ ನಿಂತಿವೆ. ಇನ್ನು ಎಂಟು ದಿನಕ್ಕೆ ನೀರು ಏರುತ್ತದಂತೆ.

ಆದ್ದರಿಂದ ಕೇಳುತ್ತಿದ್ದೇನೆ. ಈ ಪತ್ರ ಆ ಮಧ್ಯಾಹ್ನ ನಿಮ್ಮನ್ನು ಮುಟ್ಟಲಿ. ಮೂರು ತಾಸು ಬರೆದು ಸೊಂಟ ನೋಯಿಸಿಕೊಂಡು ನೀವು ಎದ್ದು, ಬಂದ್ ಮಾಡುವ ಗುಂಡಿಯತ್ತ ಕೈ ಒಯ್ಯುವ ಮೊದಲು ಮುಟ್ಟಲಿ. ಕೈ ತೆಗೆಯಿರಿ ಅಜ್ಜಿ. ಬರೆದದ್ದನ್ನು ಇನ್ನೊಂದು ಪೆನ್‌ಡ್ರೈವ್‌ಗೆ ಹಾಕಿರಿ, ಇಲ್ಲವೇ ನಿಮ್ಮ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆಯಿರಿ, ಅದು ಹೇಗೂ ಗುರ್ತ ಹಿಡಿದಿದೆಯಲ್ಲ. ಅದೂ ಆಗದಿದ್ದರೆ ತುಳಿದು ತಗ್ಗಾದ ಹೊಸ್ತಿಲು ಯಾರದು ಎಂದಷ್ಟೇ ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆಯಿರಿ. ನನಗೆ ಒಂದು ಮನೆ ಸಾಕು.

ಈಗ ನಾಲ್ಕನೆಯ ದಿನದ ಪದ್ಧತಿ. ಈ ದಿನ ನಮ್ಮವರು ನೆಂಟ ನೆಲೆಯ ಮುಂದೆ ಕೂತು, ತೀರಿಕೊಂಡವರಿಗೆ ಪತ್ರ ಬರೆದು, ಉಳಿಸದೆ ಯಂತ್ರ ಬಂದ್ ಮಾಡುತ್ತಾರೆ. ಹಾಗೆ ಮಾಡಿದರೆ ಮುಟ್ಟುತ್ತದೆ ಎಂಬ ನಂಬಿಕೆ. ನಾನು ಒಮ್ಮೆಯೂ ಮಾಡಿದವಳಲ್ಲ. ಉಳಿಸಿ, ಉಳಿಸಿ ಎಂದು ಊರಿಗೆಲ್ಲ ಬಡಬಡಿಸುವವಳು ನಾನು. ಇದೆಲ್ಲ ಹುಚ್ಚಾಟ ಎಂದು ಬೈದದ್ದೂ ಉಂಟು. ಇಂದು ಅಂಗಳದಲ್ಲಿ ಫಲಕಗಳ ನಡುವೆ ಕೂತು, ಹಸಿರು ದಾರ ಕಟ್ಟಿದ ನೆಂಟ ನೆಲೆಯ ಮೇಲೆಯೇ ಇದನ್ನು ಬರೆದಿದ್ದೇನೆ. ಇನ್ನು ಬಹುವಚನ ಬೇಡ ಅಜ್ಜಿ. ನಿನ್ನಂತೆ ಎಷ್ಟು ಜನ ಬರೆದದ್ದನ್ನು ಕಳೆದುಕೊಂಡಿದ್ದರೋ, ಈಗ ಯಂತ್ರವೇ ಕೇಳುತ್ತದೆ: ನೆಂಟರು ಹೊರಟಿದ್ದಾರೆ, ಏನಾದರೂ ಉಳಿಸಿಕೊಳ್ಳುವುದಿದೆಯೇ? ಹೌದು ಎಂದು ಒತ್ತಿದರೆ ಈ ಪತ್ರ ನನ್ನ ಬಳಿ ಉಳಿಯುತ್ತದೆ, ಉಪ್ಪಿನಕಾಯಿಯ ಜೊತೆಗೆ. ಆದರೆ ನಿನ್ನ ಹದಿನಾಲ್ಕು ಮನೆಗಳು ಹೋದ ಕಡೆಗೆ ನನಗೆ ಬೇರೆ ದಾರಿ ಗೊತ್ತಿಲ್ಲ ಅಜ್ಜಿ.

ಇಲ್ಲ ಎಂದು ಒತ್ತುತ್ತಿದ್ದೇನೆ. ಅಲ್ಲಿ ನಿನ್ನ ಬರಹ ಸಿಕ್ಕರೆ, ಇದು ಅದರ ಪಕ್ಕದಲ್ಲಿ ಕೂರಲಿ.

ನಿನ್ನ
ಸಂಪಿಗೆ