ಮಾತಿನ ಹಿಂದಿನ ಇಂಜಿನ್

ಮೂರನೇ ಮಹಡಿಯ ಮನೆ,
ಜೂನ್ ೧೧, ಮಂಗಳವಾರ ಮಧ್ಯಾಹ್ನ

ನಡುಗಡಲಿನಲ್ಲಿರುವ ನಮ್ಮ ಯಜಮಾನರಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಅಡುಗೆಯವನ ಕೈರುಚಿ ಒಗ್ಗಿತೋ, ಇನ್ನೂ ಬೈದುಕೊಂಡೇ ಉಣ್ಣುತ್ತಿದ್ದೀರೋ? ನಾನು ಚೆನ್ನಾಗಿದ್ದೇನೆ. ಮಾವನೂ ಚೆನ್ನಾಗಿದ್ದಾರೆ, ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಕಾಲು ಕೈಕೊಟ್ಟಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಹೋದ ಸಲ ಕಂಪನಿಯ ವಿಳಾಸಕ್ಕೆ ಬರೆದ ಕಾಗದ ಅದೇ ವಾರ ನಿಮ್ಮ ಕೈ ಸೇರಿತಲ್ಲ, ಸಮುದ್ರದ ಅಂಚೆಯವನಿಗೆ ರೆಕ್ಕೆ ಇರಬೇಕು. ಫೋನಿನಲ್ಲೇ ಹೇಳೋಣವೆಂದರೆ ನೀವು ಮಾತು ರೆಕಾರ್ಡ್ ಮಾಡಿ ಕಳಿಸುತ್ತೀರೇ ಹೊರತು ಕೈಗೆ ಸಿಗುವುದಿಲ್ಲ. ನಾನು ರೆಕಾರ್ಡ್ ಮಾಡಲು ಕೂತರೆ ಮಾವ ಪಕ್ಕದಲ್ಲೇ ಕೂತು, ಏನು ಹೇಳಿದೆ ಎಂದು ಮಾತು ಮಾತಿಗೂ ಕೇಳುತ್ತಾರೆ. ಅದಕ್ಕೇ ಈ ಕಾಗದ.

ಒಂದು ಸಾಹಸ ಮಾಡಿದ್ದೇನೆ, ಕೇಳಿ. ಮಾವನದು ಜೀವಮಾನವೆಲ್ಲ ಪಂಪುಮನೆಯ ಇಂಜಿನ್ ಪಕ್ಕ ನಿಂತು ಸವೆದ ಕಿವಿ. ನಿಮ್ಮ ಮಾತನ್ನು ಜೋರಾಗಿ ಹಾಕಿದರೆ ಅವರಿಗೆ ಕೇಳುವುದಿಲ್ಲ, ಕೆಳಗಿನ ಮನೆಯ ದರ್ಜಿಗೆ ಕೇಳುತ್ತದೆ. ಆತ ಕೋಲಿನಿಂದ ಚಾವಣಿ ಕುಟ್ಟುತ್ತಾನೆ. ಸರಿ, ನಿಮ್ಮ ಹಳೆಯ ಹೆಡ್‌ಫೋನ್ ಹುಡುಕಿ ಕೊಟ್ಟೆ. ‘ಮಾತೇನೋ ಅಷ್ಟಿಷ್ಟು ಕೇಳತ್ತೆ ಕಣಮ್ಮ, ಹಿಂದೆ ಇಂಜಿನ್ ಓಡೋದು ಕೇಳ್ತಿಲ್ವಲ್ಲ’ ಎಂದು ಗೊಣಗಿದರು. ಹಡಗಿನ ಇಂಜಿನ್ ಹೇಗೆ ಓಡುತ್ತಿದೆ ಎಂದು ಕಿವಿಯಾರೆ ಕೇಳಿದರೆ ಮಗ ಕ್ಷೇಮವಾಗಿದ್ದಾನೆ ಎಂದು ಅವರಿಗೆ ನೆಮ್ಮದಿಯಂತೆ. ನೀವೇ ಅವರಿಗೆ ಹೇಳಿದ್ದಿರಲ್ಲ, ದಡ ಸೇರುವವರೆಗೆ ಅದು ನಿಲ್ಲುವುದೇ ಇಲ್ಲ, ಮಲಗಿದರೆ ಹಲ್ಲು ಕೂಡ ನಡುಗುತ್ತದೆ ಎಂದು. ಅದನ್ನು ಅವರು ಎದುರುಮನೆಯವರಿಗೂ ಹೇಳಿ ಹೇಳಿ ಸುಸ್ತಾಗಿಸಿದ್ದಾರೆ.

ಅಪ್ಪನ ರೇಡಿಯೋ ಅಂಗಡಿಯಲ್ಲಿ ಬೆಳೆದವಳು ನಾನು, ಸುಮ್ಮನಿರುತ್ತೇನೆಯೇ? ಬೆಸುಗೆ ಕಡ್ಡಿಯ ತುಕ್ಕು ಉಜ್ಜಿ, ಸೋಪಿನ ಡಬ್ಬಿಯೊಳಗೆ ಒಂದು ಪುಟ್ಟ ಆಂಪ್ಲಿಫೈಯರ್ ಕೂರಿಸಿದೆ. ಬರೀ ಸದ್ದು ಹೆಚ್ಚಿಸಿದರೆ ಎಲ್ಲವೂ ಕಿರುಚುತ್ತದೆ. ಅದಕ್ಕೆ ಸರಿಯಾದ ಜಾಗದಲ್ಲಿ ಒಂದು ಕೆಪಾಸಿಟರ್ ಸೇರಿಸಿ, ದಪ್ಪ ದನಿ ಮಾತ್ರ ಉಬ್ಬಿ ಬರುವ ಹಾಗೆ ಮಾಡಿದೆ. ಬೇಸ್ ಎಷ್ಟು ಬೇಕೋ ಅಷ್ಟಕ್ಕೆ ತಿರುಗಿಸಿಕೊಳ್ಳಲು ಹಳೆಯ ರೇಡಿಯೋದ ಗುಂಡಿ ಹಾಕಿದೆ. ಮೊದಲು ಹಾಡೊಂದನ್ನು ಹಾಕಿ ಮಾವನಿಗೆ ಕೊಟ್ಟೆ. ‘ಎದೆಗೇ ಬಂದು ಗುದ್ದತ್ತೆ ಕಣಮ್ಮ’ ಎಂದು ಮಗುವಿನ ಹಾಗೆ ನಕ್ಕರು. ಅವರು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಆದರೆ ಮಾವನ ಕಿವಿಗೆ ಕೊಡುವ ಮೊದಲು ನಿಮ್ಮ ಮಾತನ್ನು ನಾನು ಹಾಕಿ ನೋಡಿದಾಗ, ಅದರ ಕೆಳಗೆ ಒಂದು ‘ಗುಂಯ್’ ಕೇಳಿಸಿತು. ನನ್ನ ಬೆಸುಗೆಯೇ ಸರಿಯಿಲ್ಲ ಎಂದುಕೊಂಡೆ. ಹುಚ್ಚಿಯ ಹಾಗೆ ಎಲ್ಲ ಬಿಚ್ಚಿದೆ, ತಂತಿ ಮೋಟು ಮಾಡಿದೆ, ಡಬ್ಬಿಯೊಳಗೆ ತಗಡು ಸುತ್ತಿದೆ. ನೀವೂ ಹಡಗಿನ ಎಲೆಕ್ಟ್ರಿಷಿಯನ್ ಅಲ್ಲವೇ, ಇದು ಎಲ್ಲಿಂದ ಬರುತ್ತಿರಬಹುದು, ಹೇಳಿ ನೋಡೋಣ.

ಇನ್ನು ನನ್ನ ಪಾಡು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ. ಮೊದಲಾದರೆ ಮಾವನಿಗೆ ಬಾಗಿಲು ಬಡಿದದ್ದಾದರೂ ಕೇಳುತ್ತಿತ್ತು. ಈಗ ಹೆಡ್‌ಫೋನ್ ಹಾಕಿ ಕೂತರೆ ಮನೆ ಬಿದ್ದರೂ ಗೊತ್ತಾಗುವುದಿಲ್ಲ, ಹಾಗಾಗಿ ಹಾಲು ತರಲೂ ಓಡಿ ಹೋಗಿ ಓಡಿ ಬರಬೇಕು. ಮಂಚದಿಂದ ಒಲೆ, ಒಲೆಯಿಂದ ಮಂಚ. ಕಿಟಕಿಯಿಂದ ಕಾಣುವುದು ಪಕ್ಕದ ಕಟ್ಟಡದ ನೀರಿನ ಪೈಪು. ಆರು ತಿಂಗಳೆಂದು ಹೋದವರು ಮತ್ತೆ ಆರು, ಮತ್ತೆ ಆರು ಎನ್ನುತ್ತಿದ್ದೀರಿ. ಉಸಿರು ಕಟ್ಟುತ್ತದೆ ಕಣ್ರೀ. ಕಿವಿಯ ಮಿಷನ್ ರಿಪೇರಿ ಮಾಡುವ ಅಂಗಡಿಯ ಯಜಮಾನಿ ನನ್ನ ಸೋಪಿನ ಡಬ್ಬಿ ನೋಡಿ ಕೆಲಸಕ್ಕೆ ಬಾ ಎಂದರು. ‘ಅವರು ಬರಲಿ, ಆಮೇಲೆ’ ಎಂದೆ. ಎಲ್ಲದಕ್ಕೂ ನನ್ನದು ಅದೊಂದೇ ಉತ್ತರವಾಗಿದೆ.

ಮಾವ ಆಶೀರ್ವಾದ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ತಣ್ಣೀರಲ್ಲಿ ತಲೆ ನೆನೆಸಬೇಡಿ.

ಇಂತು,
ನಿಮ್ಮ ಮನೆ ಕಾಯುವವಳು

ವಿ. ಸೂ.: ಮಾವನಿಗೆ ಎಚ್ಚರವಾಗುವ ಮೊದಲು ಬರೆದುಬಿಡುತ್ತೇನೆ. ಆ ‘ಗುಂಯ್’ ನನ್ನ ಡಬ್ಬಿಯದಲ್ಲ. ಬ್ಯಾಟರಿ ಹಾಕಿ ನೋಡಿದೆ, ನಮ್ಮ ಮನೆಯ ಫ್ರಿಜ್ ಆರಿಸಿ ನೋಡಿದೆ. ಹಾಡಿನಲ್ಲಿ ಇಲ್ಲ, ನನ್ನ ತಂಗಿಯ ಮಾತಿನಲ್ಲಿ ಇಲ್ಲ, ನಿಮ್ಮ ಮಾತಿನಲ್ಲಿ ಮಾತ್ರ ಇದೆ. ‘ಸುತ್ತ ನೀರೇ ನೀರು’ ಎಂದು ನೀವು ಹೇಳುತ್ತಿರುವಾಗ ಅದು ದಡದಡ ನಡುಗಿ ನಿಲ್ಲುತ್ತದೆ. ದಿನಾ ಕೇಳುವ ನನಗೆ ಫ್ರಿಜ್ಜಿನ ಸದ್ದು ಗೊತ್ತಾಗುವುದಿಲ್ಲವೇ? ಹಡಗಿನಲ್ಲಿ ಫ್ರಿಜ್ ಇರಬಾರದೆಂದೇನಿಲ್ಲ. ಆದರೆ ಅದು ನಿಂತ ಮೇಲೂ ಇಂಜಿನ್ ಓಡಬೇಕಲ್ಲ. ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ, ಎಲ್ಲ ಸಂದೇಶಗಳನ್ನೂ ಹಾಕಿದೆ. ಏನೂ ಇಲ್ಲ. ಒಂದು ಮನೆಯ ಸದ್ದಿಲ್ಲದ ಅಡುಗೆಕೋಣೆ, ಅಷ್ಟೇ. ಅದು ಯಾರದು ಎಂದು ನಾನು ಕೇಳುವುದಿಲ್ಲ. ನನ್ನ ಕಿವಿಗೆ ಹೂವಿಟ್ಟಿರಿ, ಇರಲಿ. ಆ ಮುದುಕರ ಕಿವಿಗೆ ಯಾಕೆ ಇಟ್ಟಿರಿ? ಒಂದನೇ ತಾರೀಖಿನಿಂದ ಕೆಲಸಕ್ಕೆ ಬರುತ್ತೇನೆಂದು ಇವತ್ತು ಅಂಗಡಿಗೆ ಹೇಳಿ ಕಳಿಸಿದ್ದೇನೆ. ಹಗಲು ಹೊತ್ತು ಮಾವನನ್ನು ದರ್ಜಿಯ ಹೆಂಡತಿ ನೋಡಿಕೊಳ್ಳುತ್ತಾರೆ. ಅಷ್ಟರೊಳಗೆ ಬಂದು ಮಾವನಿಗೆ ನಿಮ್ಮ ಬಾಯಿಂದಲೇ ನಿಜ ಹೇಳಿ. ಬರದಿದ್ದರೆ ನಾನೇ ಹೆಡ್‌ಫೋನ್ ಅವರ ಕಿವಿಗೆ ಹಾಕಿ, ಗುಂಡಿ ತಿರುಗಿಸಿ, ಅವರ ಕೈ ಹಿಡಿದು ಕೂರುತ್ತೇನೆ. ಸದ್ಯಕ್ಕೆ ಬೇಸ್ ಕೆಟ್ಟಿದೆ ಎಂದು ಸುಳ್ಳು ಹೇಳಿದ್ದೇನೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಕೇಳುತ್ತಾರೆ: ‘ರಿಪೇರಿ ಆಯ್ತೇನಮ್ಮ? ಇಂಜಿನ್ ಕೇಳ್ಬೇಕಿತ್ತು.’