ತಿಕ್ಕಿ ಹೊಳೆಸಿದ ಪೆಡಲು

ಮನೆ ಹಿಂದಿನ ಶೆಡ್ಡು,
ಗುರುವಾರ, ಮಧ್ಯಾಹ್ನ

ಮುದ್ದು ಮಗಳೇ,

ಹೇಗಿದ್ದೀಯೆ? ಕತ್ತು ನೋವು ಇಳಿಯಿತೇ? ಹೆಲ್ಮೆಟ್ ತೆಗೆದ ಮೇಲೆ ಬಿಸಿನೀರಿನ ಶಾಖ ಕೊಟ್ಟುಕೋ ಎಂದಿದ್ದೆ. ನನ್ನ ಮಾತು ನೀನು ಯಾವತ್ತು ಕಿವಿಗೆ ಹಾಕಿಕೊಂಡಿದ್ದೀಯ! ರೇಸು ಮುಗಿಯುವ ತನಕ ಫೋನು ಮುಟ್ಟುವುದಿಲ್ಲ ಎಂಬ ಹಠ ಬೇರೆ. ಅಪ್ಪನ ಮಗಳಲ್ಲವೇ. ಅದಕ್ಕೇ ಈ ಕಾಗದ. ನಾನು ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ನಿನಗೆ ಸುಳ್ಳು ಬರೆಯಲಾರೆ.

ವಿಷಯ ನಿನ್ನ ಕಾರಿನ ಬ್ರೇಕ್ ಪೆಡಲಿನದು. ತೂಕ ಇಳಿಸಬೇಕೆಂದು ಉಕ್ಕಿನದನ್ನು ಕಿತ್ತು ನಿಮ್ಮಪ್ಪ ಟೈಟಾನಿಯಂನಲ್ಲಿ ಮಾಡಿಕೊಟ್ಟರಲ್ಲ, ಅದೇ. ಆ ಲೋಹದ ಬಿಂಕ ನಿನಗೂ ಗೊತ್ತು: ಬೆಸುಗೆ ಹಾಕುವಾಗ ಗಾಳಿ ಸೋಕಬಾರದು, ಆರುವ ತನಕ ಗಾಳಿಯನ್ನು ತಡೆಯುವ ಆರ್ಗಾನ್ ಗ್ಯಾಸು ಹರಿಯುತ್ತಲೇ ಇರಬೇಕು. ಬೆಸುಗೆ ಬೆಳ್ಳಿಯ ಹಾಗೆ ಬಂದರೆ ಸರಿ. ಬೂದಿ ಬಣ್ಣಕ್ಕೆ ತಿರುಗಿದರೆ ಒಳಗೆ ಪೆಡಸಾಗಿದೆ ಎಂದೇ ಅರ್ಥ. ಅವತ್ತು ಕೊನೆಯ ಬೆಸುಗೆಯ ಹೊತ್ತಿಗೆ ಆ ಗ್ಯಾಸಿನ ಸಿಲಿಂಡರ್ ಖಾಲಿಯಾಯಿತಂತೆ. ಬಣ್ಣ ಕೆಟ್ಟಿದ್ದನ್ನು ಕಂಡ ಈ ಮಹಾಶಯರು, ಮಗಳ ಕಾರು ಲಕ್ಷಣವಾಗಿರಲಿ ಎಂದು ಬಫಿಂಗ್ ಚಕ್ರಕ್ಕೆ ಹಿಡಿದು ಫಳಫಳ ಮಾಡಿಬಿಟ್ಟರು. ನಾವಿಬ್ಬರೂ ಎಷ್ಟು ಮೆಚ್ಚಿದೆವು!

ನಿನ್ನೆ ಶೆಡ್ಡು ಗುಡಿಸುವಾಗ ಅವತ್ತೇ ಪೆಡಲಿನ ಕೊನೆಯ ಬೆಸುಗೆಯ ಜೊತೆಗೇ ಬೆಸೆದ ಇನ್ನೊಂದು ಟೈಟಾನಿಯಂ ತುಂಡು ಸಿಕ್ಕಿತು, ತಿಕ್ಕದೆ ಬಿಟ್ಟದ್ದು. ಬೂದಿ ಬಣ್ಣ. ವೈಸಿಗೆ ಕಚ್ಚಿಸಿ ಸುತ್ತಿಗೆಯಲ್ಲಿ ಒಂದೇಟು ಹಾಕಿದೆ. ಸೀಮೆಸುಣ್ಣದಂತೆ ಪಟಕ್ಕನೆ ಮುರಿಯಿತು. ತುಂಡನ್ನು ಹಿಡಿದು ಒಳಗೆ ಓಡಿದೆ. ಅಪ್ಪನಿಗೆ ತೋರಿಸಿದರೆ, "ನನ್ನ ಬೆಸುಗೆ ಮುರಿಯೋದಾ? ಸುಮ್ನೆ ಏನೇನೋ ತಲೆಗೆ ಹಚ್ಕೋಬೇಡ" ಎಂದು ರೇಗಿದರು. ಬಹಳ ಹೊತ್ತಿನ ಮೇಲೆ ಗ್ಯಾಸಿನ ವಿಷಯ ಬಾಯಿ ಬಿಟ್ಟರು. ಊಟಕ್ಕೂ ಏಳಲಿಲ್ಲ.

ಇಷ್ಟು ದಿನ ತಡೆದಿದೆ, ನಿಜ. ಆದರೆ ರೇಸಿನಲ್ಲಿ ನೀನು ಮೈಭಾರವೆಲ್ಲ ಹಾಕಿ ತುಳಿಯುತ್ತೀಯ. ಹಳೆಯ ಉಕ್ಕಿನ ಪೆಡಲು ಈ ಪೆಟ್ಟಿಗೆಯಲ್ಲಿದೆ. ಮಿಕ್ಕ ಕೆಲಸ ಬಿಟ್ಟು ಮೊದಲು ಅದನ್ನು ಹಾಕಿಸು. ತೂಕ ಹೆಚ್ಚಾಗಿ ಸೋತರೆ ಸೋಲು. ನನಗೆ ನೀನು ಬೇಕು ಕಂದ.

ಹೋದ ಹಾಗೇ ನಗುನಗುತ್ತಾ ಮನೆಗೆ ಬಾ, ಅದೇ ನನ್ನ ಹರಕೆ.

ನಿನ್ನ
ಅಮ್ಮ

ತಾ.ಕ.: ಬಸ್ಸಿನವರ ಕೈಯಲ್ಲಿ ಕಳಿಸೋಣವೆಂದಿದ್ದೆ. ಈಗ ನೋಡಿದರೆ ಅಪ್ಪ ಶರಟು ಹಾಕಿಕೊಂಡು ನಿಂತಿದ್ದಾರೆ, ಪೆಟ್ಟಿಗೆ ತಾವೇ ತರುತ್ತಾರಂತೆ. "ಬದಲಿಸೋಕೆ ಮುಂಚೆ ನಾನೇ ಓಡಿಸಿ ಬ್ರೇಕ್ ತುಳಿದು ನೋಡ್ತೀನಿ. ಮುರಿಯೋದಾದ್ರೆ ನನ್ನ ಕಾಲಡಿಗೇ ಮುರೀಲಿ" ಅನ್ನುತ್ತಿದ್ದಾರೆ. ಕಾಗದವನ್ನು ಪೆಡಲಿಗೆ ಸುತ್ತಿ ಇಡುತ್ತಿದ್ದೇನೆ. ಓದಿದ ತಕ್ಷಣ ಕಾರಿನ ಕೀ ಬಚ್ಚಿಡು. ಎಷ್ಟೇ ಬೈದರೂ, ಅತ್ತರೂ, ಅವರ ಕೈಗೆ ಕೊಡಬೇಡ.